ಗೋದಲಿಯಿಂದ ಶುರು ಮಾಡಿ: ಮನೆಯ ಕ್ರಿಸ್‌ಮಸ್ ಅಲಂಕಾರ ಮತ್ತು ಅದರ ಅರ್ಥ

ಮಂಡ್ಯದ ಕಡೆ ಹಸು ಕಟ್ಟಿದ ಮನೆಯಲ್ಲಿ ಬೆಳೆದವರಿಗೆ ಗೋದಲಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕೊಟ್ಟಿಗೆಯ ಗೋಡೆಗೆ ಒತ್ತಿದಂತೆ ಕಲ್ಲಿನಲ್ಲೋ ಮಣ್ಣಿನಲ್ಲೋ ಹಲಗೆಯಲ್ಲೋ ಕಟ್ಟಿದ ಮೇವಿನ ತೊಟ್ಟಿ. ದನಗಳ ಕತ್ತು ಉಜ್ಜಿ ಉಜ್ಜಿ ಅಂಚು ನುಣುಪಾಗಿರುತ್ತದೆ, ತಳದಲ್ಲಿ ನಿನ್ನೆಯ ಹುಲ್ಲಿನ ಪುಡಿ, ಹಿಂಡಿಯ ಹುಳಿ ವಾಸನೆ. ಬೈಬಲಿನಲ್ಲಿರುವ ಲೂಕನ ಸುವಾರ್ತೆಯ ಎರಡನೇ ಅಧ್ಯಾಯವನ್ನು ಕನ್ನಡಕ್ಕೆ ತಂದವರು ಮರಿಯಳು ಕೂಸು ಯೇಸುವನ್ನು ಮಲಗಿಸಿದ ಜಾಗಕ್ಕೆ ಇದೇ ಮಾತನ್ನು ಇಟ್ಟರು. ನಕ್ಷತ್ರ, ಮರ, ದೀಪದ ಸರ, ತೋರಣ ಎಲ್ಲವೂ ಈ ತೊಟ್ಟಿಯ ಸುತ್ತ ಬರಬೇಕಾದವು. ಬಹಳ ಮನೆಗಳಲ್ಲಿ ಉಲ್ಟಾ ಆಗುತ್ತದೆ: ಮೊದಲು ಸೀರಿಯಲ್ ಸೆಟ್ಟು, ಆಮೇಲೆ ಮರ, ಕೊನೆಗೆ ಉಳಿದ ಮೂಲೆಯಲ್ಲಿ ಗೋದಲಿ. ನೋಡಲು ಬಂದ ಪಕ್ಕದ ಮನೆಯ ಮಗು ದೀಪ ನೋಡಿ ಹೋಗುತ್ತದೆ, ಕಥೆ ಕೇಳುವುದೇ ಇಲ್ಲ.

ಹಾಗಾಗಿ ಮೊದಲು ಜಾಗ. ಮುಂಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳುವ ಗೋಡೆ, ನೆಲದಿಂದ ಒಂದೂವರೆ ಅಡಿ ಎತ್ತರ. ಐದು ವರ್ಷದ ಮಗು ಬಗ್ಗದೆ ನೋಡುವಷ್ಟು, ದೊಡ್ಡವರು ಕುಳಿತು ನೋಡುವಷ್ಟು. ಮೂರು ಅಡಿ ಉದ್ದ, ಎರಡು ಅಡಿ ಅಗಲದ ಪ್ಲೈವುಡ್ ಹಲಗೆ ಸಾಕು. ದಸರಾ ಬೊಂಬೆ ಕೂರಿಸುವ ಮೆಟ್ಟಿಲು ಮೈಸೂರಿನಲ್ಲಿ ಎರವಲು ಸಿಗುವುದು ಕಷ್ಟವಲ್ಲ; ಕೆಳಗಿನ ಎರಡು ಮೆಟ್ಟಿಲು ತಂದರೆ ಗುಡ್ಡದ ಇಳಿಜಾರಿಗೆ ಚೆನ್ನಾಗಿ ಒದಗುತ್ತದೆ.

ತಾರೀಖು ಹಿಡಿದು ಕೆಲಸ

ಕ್ರಿಸ್‌ಮಸ್‌ಗೆ ಸಿದ್ಧವಾಗುವ ನಾಲ್ಕು ಭಾನುವಾರಗಳ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬೀಳುತ್ತದೆ. ಅಂದು ನಾಲ್ಕು ಮೇಣದಬತ್ತಿಯ ಹಸಿರು ಬಳೆ ಮಾಡಿ ಊಟದ ಮೇಜಿನ ಮೇಲಿಡಿ. ಮೇದರವರ ಹತ್ತಿರ ಸಿಗುವ ಒಂದಡಿ ಅಗಲದ ಬಿದಿರು ಬುಟ್ಟಿಯ ಅಂಚಿನ ಬಳೆಯೇ ಚೌಕಟ್ಟು. ಮೂರು ನೇರಳೆ ಬತ್ತಿ, ಒಂದು ಗುಲಾಬಿ. ಗುಲಾಬಿ ಬಣ್ಣದ್ದನ್ನು ಹಚ್ಚುವುದು ಮೂರನೇ ಭಾನುವಾರ, ಅದು ಸಂತೋಷದ ಭಾನುವಾರ. ಬತ್ತಿಯನ್ನು ಸೊಪ್ಪಿನ ನಡುವೆ ನೇರವಾಗಿ ಸಿಗಿಸಬೇಡಿ. ಸ್ಟೀಲ್ ಲೋಟದಲ್ಲಿ ಅರ್ಧ ಮರಳು ತುಂಬಿ ಅದರಲ್ಲಿ ನಿಲ್ಲಿಸಿ, ಲೋಟದ ಸುತ್ತ ಸೊಪ್ಪು. ಮಾವಿನೆಲೆ ನಾಲ್ಕೇ ದಿನಕ್ಕೆ ಒಣಗಿ ಸುರುಳಿಯಾಗಿ ಬೆಂಕಿಗೆ ಸಿಗುತ್ತದೆ. ಕ್ರೋಟನ್ ಎಲೆ ವಾರ ತಡೆಯುತ್ತದೆ, ಪ್ರತಿ ಶನಿವಾರ ಬದಲಿಸಿ.

ನಕ್ಷತ್ರ ಡಿಸೆಂಬರ್ ಮೊದಲ ವಾರ. ರಾಗಿ ಬಿತ್ತುವುದು 12 ಅಥವಾ 13. ಗುಡಿಸಲು, ಗುಡ್ಡ 18ರ ಹೊತ್ತಿಗೆ. ಸರ್ವೆ ಮರದ ತುದಿ ತರುವುದು 22ಕ್ಕಿಂತ ಮುಂಚೆ ಬೇಡ, ಕಡಿದ ಸರ್ವೆ ವಾರಕ್ಕೇ ಕಂದು ತಿರುಗಿ ಉದುರತೊಡಗುತ್ತದೆ. ನಾಲ್ಕೈದು ಅಡಿಯ ತುದಿಯನ್ನು ಒದ್ದೆ ಮರಳು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿ ದಿನಕ್ಕೊಂದು ಲೋಟ ನೀರು ಹಾಕಿದರೆ ಜನವರಿ ಮೊದಲ ದಿನಗಳವರೆಗೂ ಹಸಿರಾಗಿರುತ್ತದೆ. ಮರದ ವಿಷಯಕ್ಕೆ ಇಷ್ಟು ಸಾಕು.

ನಕ್ಷತ್ರ

ಅಂಗಡಿಯ ಮಡಚುವ ಕಾಗದದ ನಕ್ಷತ್ರ ಕೆಟ್ಟದ್ದೇನಲ್ಲ. ಆದರೆ ಬಿದಿರಿನದನ್ನು ಒಮ್ಮೆ ಕಟ್ಟಿದರೆ ಚೌಕಟ್ಟು ಹಲವು ವರ್ಷ ಬರುತ್ತದೆ, ಕಾಗದ ಮಾತ್ರ ಬದಲಿಸಬೇಕು.

ಮೈಸೂರಿನ ಬಂಬೂ ಬಜಾರ್‌ನಲ್ಲಿ ಬಿದಿರು ಸೀಳಿಸಿ 30 ಇಂಚಿನ ಹತ್ತು ದಬ್ಬೆ ಮಾಡಿಸಿ. ಅರ್ಧ ಇಂಚು ಅಗಲ, ಮೂರು ಮಿಲಿಮೀಟರ್ ದಪ್ಪ. ಏಳು ಇಂಚಿನ ಐದು ತುಂಡುಗಳು ಬೇರೆ. ಎಲ್ಲವನ್ನೂ ಮೂರು ಗಂಟೆ ನೀರಿನಲ್ಲಿ ನೆನೆಸಿ. ಪ್ರತಿ ಉದ್ದ ದಬ್ಬೆಗೂ ಎರಡು ತುದಿಯಿಂದ ಹನ್ನೊಂದೂವರೆ ಇಂಚಿಗೆ ಪೆನ್ಸಿಲ್ ಗುರುತು ಹಾಕಿ. ನಡುವೆ ಏಳು ಇಂಚು ಉಳಿಯುತ್ತದೆ. ಐದು ಮೂಲೆಯ ನಕ್ಷತ್ರದಲ್ಲಿ ಕಡ್ಡಿಗಳು ಒಂದನ್ನೊಂದು ದಾಟುವುದು ಸರಿಯಾಗಿ ಈ ಜಾಗದಲ್ಲಿ. ಗುರುತು ಹಾಕದೆ ಕಣ್ಣಂದಾಜಿನಲ್ಲಿ ಕಟ್ಟಿದರೆ ಒಂದು ಕಾಲು ಉದ್ದ, ಒಂದು ಗಿಡ್ಡ ಆಗುವುದು ಖಂಡಿತ.

ಐದು ದಬ್ಬೆಯನ್ನು ಒಂದರ ಮೇಲೆ ಒಂದರ ಕೆಳಗೆ ಹೆಣೆದು, ತುದಿಗಳನ್ನು ಮೇಣದ ದಾರದಿಂದ ಕಟ್ಟಿ ಒಂದು ನಕ್ಷತ್ರ ಮಾಡಿ. ಇನ್ನೈದರಿಂದ ಇನ್ನೊಂದು. ಬಿದಿರಿನ ಗಿಣ್ಣು ದಾಟುವ ಜಾಗಕ್ಕೆ ಬಂದರೆ ಬಗ್ಗಿಸುವಾಗ ಅಲ್ಲೇ ಸೀಳುತ್ತದೆ, ಗಿಣ್ಣು ತುದಿಯ ಹತ್ತಿರ ಬರುವಂತೆ ದಬ್ಬೆ ಆರಿಸಿಕೊಳ್ಳಿ. ಎರಡು ನಕ್ಷತ್ರವನ್ನು ಒಂದರ ಮೇಲೊಂದು ಇಟ್ಟು ಐದೂ ತುದಿ ಜೋಡಿಸಿ ಕಟ್ಟಿ. ಆಮೇಲೆ ದಾಟುವ ಐದು ಜಾಗದಲ್ಲಿ ಎರಡರ ನಡುವೆ ಏಳು ಇಂಚಿನ ತುಂಡುಗಳನ್ನು ಒಂದೊಂದಾಗಿ ನಿಲ್ಲಿಸಿ ಬಿಗಿಯಿರಿ. ನಕ್ಷತ್ರ ಹೊಟ್ಟೆ ತುಂಬಿಕೊಂಡಂತೆ ಉಬ್ಬುತ್ತದೆ.

ತುಂಡು ಏಳೇ ಇಂಚು ಯಾಕೆಂದರೆ, ಹಾಗಿದ್ದಾಗ ಮುಂದಿನ ಐದು, ಹಿಂದಿನ ಐದು, ಪಕ್ಕದ ಹತ್ತು ತ್ರಿಕೋನಗಳೆಲ್ಲ ಒಂದೇ ಅಳತೆಗೆ ಬರುತ್ತವೆ: ಎರಡು ಬದಿ ಹನ್ನೊಂದೂವರೆ, ತಳ ಏಳು. ಒಂದು ರಟ್ಟಿನ ಅಚ್ಚು ಕತ್ತರಿಸಿ, ಸುತ್ತ ಅರ್ಧ ಇಂಚು ಮಡಿಕೆಗೆ ಬಿಟ್ಟು ಗಾಳಿಪಟದ ಕಾಗದದಲ್ಲಿ ಇಪ್ಪತ್ತು ತ್ರಿಕೋನ ಕತ್ತರಿಸಿದರೆ ಮುಗಿಯಿತು. ನಡುವಿನ ಪಂಚಕೋನಕ್ಕೆ 13 ಇಂಚಿನ ಚೌಕ ಒಂದು, ಮುಂಭಾಗಕ್ಕೆ ಮಾತ್ರ. ಹಿಂದಿನದು ತೆರೆದೇ ಇರಲಿ, ಬಲ್ಬು ಹೋಗುವುದು ಅಲ್ಲಿಂದ. 20×30 ಇಂಚಿನ ಹಾಳೆ ಐದು ತಂದರೆ ಪೋಲಾದರೂ ಸಾಲುತ್ತದೆ.

ಅಂಟಿಗೆ ನಾಲ್ಕು ಚಮಚ ಮೈದಾ, ಒಂದು ಲೋಟ ನೀರು. ಗಂಟಿಲ್ಲದೆ ಕಲಸಿ, ಬಿಳುಪು ಹೋಗಿ ಮಿಣುಗುವವರೆಗೆ ಸಣ್ಣ ಉರಿಯಲ್ಲಿ ತಿರುವಿ. ಜಿರಳೆ ತಿನ್ನದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕುವ ರೂಢಿ ಇದೆ. ಅದು ವಿಷ, ಮಕ್ಕಳು ಅಂಟಿಸಲು ಕೂತಿದ್ದರೆ ಹಾಕಬೇಡಿ.

ಒಳಗೆ ಏಳು ವ್ಯಾಟಿನ ಎಲ್‌ಇಡಿ, ಹೋಲ್ಡರ್ ಸಮೇತ ನಡುವೆ ತೂಗಾಡಲಿ. ಹಳೆಯ 60 ವ್ಯಾಟಿನ ತಂತಿ ಬಲ್ಬು ಕಾಗದವನ್ನು ಮೊದಲು ಹಳದಿ ಮಾಡುತ್ತದೆ, ಆಮೇಲೆ ಸುಡುತ್ತದೆ. ನಕ್ಷತ್ರದ ಭಾರ ಎಂದೂ ವೈರಿನ ಮೇಲೆ ಬೀಳಬಾರದು: ನೈಲಾನ್ ಹಗ್ಗವನ್ನು ಮೇಲಿನ ತುದಿಯ ಗಂಟಿಗೆ ಬಿಡದೆ ಒಳಗಿನ ತುಂಡಿಗೆ ಸುತ್ತಿ ಮೇಲೆ ತನ್ನಿ, ಕೆಳತುದಿಯಿಂದ ಇನ್ನೊಂದು ದಾರ ಎಳೆದು ಕಂಬಿಗೆ ಕಟ್ಟಿ. ಡಿಸೆಂಬರಿನ ಮೈಸೂರಿನಲ್ಲಿ ಕಾಗದಕ್ಕೆ ಮಳೆಗಿಂತ ಇಬ್ಬನಿಯ ಕಾಟ ಹೆಚ್ಚು. ಬೆಳಗಿನ ಜಾವ ನೆನೆದು ಜೋತು, ಬಿಸಿಲಿಗೆ ಬಿಗಿದು ಹರಿಯುತ್ತದೆ. ಸಜ್ಜಾದ ಕೆಳಗೆ ನೇತುಹಾಕಿ. ಬಯಲಲ್ಲೇ ಹಾಕಬೇಕಾದರೆ ಕಾಗದದ ಬದಲು ಬಣ್ಣದ ಗ್ಲಾಸ್ ಪೇಪರ್. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ ಎರಡು ಮೂರು ದಿನ ಜಿಟಿಜಿಟಿ ಹಿಡಿಯುವುದೂ ಉಂಟು. ಆಗ ಪ್ಲಗ್ ತೆಗೆದು ನಕ್ಷತ್ರವನ್ನು ಒಳಗೆ ತನ್ನಿ.

ನಕ್ಷತ್ರದ ಅರ್ಥ ಅದನ್ನು ನೇತುಹಾಕುವ ಜಾಗದಲ್ಲೇ ಇದೆ. ಮತ್ತಾಯನ ಸುವಾರ್ತೆಯ ಪ್ರಕಾರ ಅದು ದಾರಿ ತೋರಿದ್ದು ಮೂಡಣ ದೇಶದ ಜೋಯಿಸರಿಗೆ. ಬೇರೆ ನಾಡಿನವರು, ಬೇರೆ ನುಡಿಯವರು, ಯೆಹೂದ್ಯರಲ್ಲದವರು. ಹೊರಗಿನವರನ್ನು ಒಳಗೆ ಕರೆದ ಬೆಳಕು ಅದು. ಆದ್ದರಿಂದ ನಕ್ಷತ್ರವನ್ನು ಬೀದಿಗೆ ಕಾಣುವಂತೆ ಹಾಕಬೇಕು, ಮನೆಯೊಳಗಿನ ಸೀಲಿಂಗಿಗೆ ಕಟ್ಟಿದರೆ ಅರ್ಧ ಅರ್ಥ ಹೋಯಿತು.

ಗುಡಿಸಲು, ಹುಲ್ಲು, ರಾಗಿ ಗದ್ದೆ

ಮೂರ್ತಿಗಳ ಎತ್ತರ ಮೊದಲು ಅಳೆಯಿರಿ, ಗುಡಿಸಲು ಆಮೇಲೆ. ಆರು ಇಂಚಿನ ಮೂರ್ತಿಗೆ ಮುಂದೆ 13 ಇಂಚು, ಹಿಂದೆ 9 ಇಂಚು ಎತ್ತರದ ನಾಲ್ಕು ಬಿದಿರು ಗೂಟ, 15 ಇಂಚು ಅಗಲ. ಗುಡಿಸಲು ಚಿಕ್ಕದಾದರೆ ಮರಿಯಳ ಗಂಡ ಜೋಸೆಫರ ತಲೆ ಮಾಡಿಗೆ ತಾಗುತ್ತದೆ, ದೊಡ್ಡದಾದರೆ ಕೂಸು ಕಾಣೆಯಾಗುತ್ತದೆ. ಕಬ್ಬಿನ ಜಲ್ಲೆಯನ್ನು ಕಂಬ ಮಾಡುವ ಆಸೆ ಮಂಡ್ಯದವರಿಗೆ ಬರುವುದು ಸಹಜ. ಕತ್ತರಿಸಿದ ಕಡೆ ರಸ ಒಸರಿ ಎರಡನೇ ದಿನಕ್ಕೆ ಇರುವೆ ಸಾಲು ಹಿಡಿಯುತ್ತದೆ. ಜಲ್ಲೆ ಬೇಕೇ ಬೇಕೆಂದರೆ ಕತ್ತರಿಸಿದ ತುದಿಗಳನ್ನು ಕರಗಿದ ಮೇಣದಲ್ಲಿ ಅದ್ದಿ.

ಭತ್ತದ ಕೊಯ್ಲು ಮುಗಿಯುವ ಕಾಲ, ಹೊಸ ಹುಲ್ಲು ಸಿಗುತ್ತದೆ. ಒಂದು ದಿನ ಪೂರಾ ಬಿಸಿಲಿಗೆ ಹರಡಿ ಒಣಗಿಸಿ, ಕೊಡವಿ. ಹಾಗೆ ಮಾಡದ ಹುಲ್ಲು ಮನೆಯೊಳಗೆ ಮುಗ್ಗಲು ಹಿಡಿಯುತ್ತದೆ, ಹುಳ ಹೊರಡುತ್ತದೆ. ಕಿರುಬೆರಳಿನ ದಪ್ಪಕ್ಕೆ ಹಿಡಿ ಕಟ್ಟಿ, ಕೆಳಗಿನ ಸಾಲಿನಿಂದ ಮೇಲಕ್ಕೆ ಹೊದಿಸಿ, ಊರಿನ ಗುಡಿಸಲಿಗೆ ಹೊದಿಸುವ ಹಾಗೆಯೇ. ಗುಡ್ಡಕ್ಕೆ ಥರ್ಮಕೋಲ್ ಬೇಡ. ಬೆಂಕಿ ಬೇಗ ಹತ್ತುತ್ತದೆ, ಆಮೇಲೆ ಎಸೆಯಲು ಜಾಗವಿಲ್ಲ. ಹಳೆ ಪತ್ರಿಕೆ ಮುದ್ದೆ ಮಾಡಿ ಪೇರಿಸಿ, ಮೇಲೆ ಅಂಟು ಸವರಿದ ಗೋಣಿಚೀಲ ಹೊದಿಸಿದರೆ ಒಣಗಿದ ಮೇಲೆ ಬಂಡೆಯಂತೆ ನಿಲ್ಲುತ್ತದೆ. ಚಾಮುಂಡಿ ಬೆಟ್ಟದಲ್ಲೋ ಹಳೆ ಮರದ ಬೊಡ್ಡೆಯಲ್ಲೋ ಪಾಚಿ ಕಿತ್ತು ತರುವುದನ್ನು ದಯವಿಟ್ಟು ಬಿಡಿ.

ಹಸಿರಿಗೆ ರಾಗಿ ಇದೆಯಲ್ಲ. ಒಂದಡಿ ಉದ್ದ, ಎಂಟು ಇಂಚು ಅಗಲದ ತಟ್ಟೆಗೆ ಎರಡು ದೊಡ್ಡ ಚಮಚ ರಾಗಿ. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಒಂದು ಇಂಚು ದಪ್ಪ ತೆಂಗಿನ ನಾರಿನ ಪುಡಿಯ ಮೇಲೆ ಒತ್ತಾಗಿ ಹರಡಿ, ಮೇಲೆ ತೆಳ್ಳಗೆ ಪುಡಿ ಉದುರಿಸಿ. ಒದ್ದೆ ಬಟ್ಟೆ ಮುಚ್ಚಿ ಎರಡು ದಿನ ಕತ್ತಲಲ್ಲಿಡಿ, ಆಮೇಲೆ ಕಿಟಕಿಯ ಹತ್ತಿರ. ನೀರು ಸುರಿಯಬೇಡಿ, ಚಿಮುಕಿಸಿ. ಸುರಿದರೆ ಕಾಳೆಲ್ಲ ಒಂದು ಮೂಲೆಗೆ ತೇಲಿ ಹೋಗುತ್ತದೆ, ನಿಂತ ನೀರಿಗೆ ಬಿಳಿ ಬೂಷ್ಟು ಬರುತ್ತದೆ. ತಟ್ಟೆಯನ್ನು ದಿನಕ್ಕೊಮ್ಮೆ ತಿರುಗಿಸದಿದ್ದರೆ ಪೈರೆಲ್ಲ ಕಿಟಕಿಯತ್ತ ವಾಲುತ್ತದೆ. ಡಿಸೆಂಬರಿನ ಚಳಿಗೆ ಮೊಳಕೆ ತುಸು ನಿಧಾನ, 24ರ ಹೊತ್ತಿಗೆ ಎರಡು ಇಂಚಿನಷ್ಟು ಏಳುತ್ತದೆ. ಇದು ಬರೀ ಅಂದಕ್ಕಲ್ಲ. ಬೆತ್ಲೆಹೇಮ್ ಎಂದರೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ. ರೊಟ್ಟಿಯ ಮನೆ ಎಂಬ ಊರಿನಲ್ಲಿ ಹುಟ್ಟಿದ ಕೂಸನ್ನು ಮೇವಿನ ತೊಟ್ಟಿಯಲ್ಲಿ ಮಲಗಿಸಿದರು, ಮುಂದೆ ಆತ ತಾನೇ ಜೀವದ ರೊಟ್ಟಿ ಎಂದು ಹೇಳಿದ. ರಾಗಿ ತಿನ್ನುವ ನಾಡಿನಲ್ಲಿ ಗೋದಲಿಯ ಪಕ್ಕ ರಾಗಿ ಪೈರು ಇರುವುದಕ್ಕಿಂತ ಸರಿಯಾದ ಅಲಂಕಾರ ಇನ್ನೊಂದಿಲ್ಲ.

ಒಂದು ಎಚ್ಚರಿಕೆ: ಪ್ಲಾಸ್ಟರಿನ ಮೂರ್ತಿಯನ್ನು ಒದ್ದೆ ತಟ್ಟೆಗೆ ತಾಗಿಸಿ ಇಟ್ಟರೆ ತಳ ನೀರು ಹೀರಿ ಬಣ್ಣ ಪೊರೆ ಬಿಡುತ್ತದೆ. ನಡುವೆ ಪಾಲಿಥೀನ್ ಹಾಳೆ ಇರಲಿ.

ಎತ್ತು, ಕತ್ತೆ ಸುವಾರ್ತೆಗಳಲ್ಲಿಲ್ಲ. ಅವು ಬಂದದ್ದು ಬೈಬಲಿನ ಹಳೆ ಒಡಂಬಡಿಕೆಯಲ್ಲಿರುವ ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ. ಎತ್ತಿಗೂ ಕತ್ತೆಗೂ ತಮ್ಮ ಒಡೆಯ ಯಾರೆಂದು ಗೊತ್ತು, ನನ್ನ ಜನಕ್ಕೆ ಗೊತ್ತಿಲ್ಲ ಎಂದು ದೇವರು ನೊಂದುಕೊಳ್ಳುವ ಮಾತು ಅಲ್ಲಿದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿ ಇಟ್ಟು, ಜೀವಂತ ಎತ್ತು ಕತ್ತೆ ತಂದು ಕಟ್ಟಿ, ಬಡವರಿಗೆ ಈ ಹುಟ್ಟು ಕಣ್ಣಿಗೆ ಕಾಣುವಂತೆ ಮಾಡಿದರು. ಮನೆಮನೆಯ ಗೋದಲಿಗೆ ಅದೇ ಮಾದರಿ. ನೀವು ಜೇಡಿಮಣ್ಣಿನಲ್ಲಿ ಮಾಡುವುದಾದರೆ ಎತ್ತಿಗೆ ಹಿಂದಕ್ಕೆ ಬಾಗಿದ ಉದ್ದ ಕೊಂಬು ಇಟ್ಟು ಹಳ್ಳಿಕಾರ್ ಮಾಡಿ. ಕುರಿಗೆ ಗಿಡ್ಡ ಕಾಲು, ತುಂಬಿದ ಮೈ ಕೊಟ್ಟರೆ ಮಳವಳ್ಳಿ ಸೀಮೆಯ ಬಂಡೂರು ಕುರಿಯೇ. ಎತ್ತಿನ ಗಾಡಿ, ಆಲೆಮನೆ ಇಟ್ಟರೂ ತಪ್ಪಿಲ್ಲ. ಆದರೆ ಎಲ್ಲದರ ಮುಖ ಗೋದಲಿಯತ್ತ ಇರಲಿ. ಸಾಂಟಾಕ್ಲಾಸ್ ಗೊಂಬೆ ಮರದ ಕೆಳಗಿರಲಿ, ಗುಡಿಸಲ ಹತ್ತಿರ ಬೇಡ.

ಬೆಳಕು ಒಂದೇ ಸಾಕು: ಅರ್ಧ ವ್ಯಾಟಿನ ಬೆಚ್ಚನೆ ಬಣ್ಣದ ಎಲ್‌ಇಡಿ, ಮಾಡಿನ ಒಳಗೆ ಮರೆಯಾಗಿ, ಗೋದಲಿಯ ಮೇಲೆ ನೇರ ಬೀಳುವಂತೆ. ಸೀರಿಯಲ್ ಸೆಟ್ಟನ್ನು ಸುತ್ತ ಹಾಕಿದರೂ ಮಿಣಮಿಣ ಬೇಡ, ಸ್ಥಿರವಾಗಿ ಉರಿಯುವ ಗುಂಡಿ ಒತ್ತಿ. ಒಣಹುಲ್ಲಿನ ಮೂರು ಅಡಿಯೊಳಗೆ ಮೇಣದಬತ್ತಿ, ಊದುಬತ್ತಿ ಯಾವುದೂ ಬರಕೂಡದು.

ಖಾಲಿ ಗೋದಲಿ

24ರ ರಾತ್ರಿಯವರೆಗೆ ಗೋದಲಿಯಲ್ಲಿ ಕೂಸು ಇರಬಾರದು. ಅಂಗಡಿಯ ಸೆಟ್ಟಿನಲ್ಲಿ ಕೂಸು ತೊಟ್ಟಿಗೇ ಅಂಟಿರುವುದುಂಟು. ಬಿಡಿಯಾಗಿ ಸಿಗುವುದನ್ನೇ ಹುಡುಕಿ ತನ್ನಿ. ಈ ಖಾಲಿ ತೊಟ್ಟಿ ಮಕ್ಕಳಿಗೆ ಕಲಿಸುವಷ್ಟು ದೊಡ್ಡವರ ಮಾತು ಕಲಿಸುವುದಿಲ್ಲ. ನಾಲ್ಕು ಇಂಚಿನ ಹುಲ್ಲಿನ ಎಳೆಗಳನ್ನು ಒಂದು ಬಟ್ಟಲಲ್ಲಿ ಕತ್ತರಿಸಿಡಿ. ಮನೆಯಲ್ಲಿ ಯಾರಾದರೂ ಇನ್ನೊಬ್ಬರಿಗಾಗಿ ಏನಾದರೂ ಮಾಡಿದ ದಿನ ಒಂದು ಎಳೆ ತೊಟ್ಟಿಗೆ. ಯಾರು ಹಾಕಿದರೆಂದು ಯಾರೂ ಕೇಳಬಾರದು. ಕೂಸಿಗೆ ಹಾಸಿಗೆ ಮೆತ್ತಗಾಗುವುದು ಹೀಗೆ.

ಮರಿಯಳನ್ನೂ ಜೋಸೆಫರನ್ನೂ ಮೊದಲೇ ಗುಡಿಸಲಿಗೆ ತರಬೇಡಿ. 15ರಂದು ಅಡುಗೆಮನೆಯ ಕಿಟಕಿ, 18ಕ್ಕೆ ಟಿವಿಯ ಪಕ್ಕ, ಹೀಗೆ ದಿನಕ್ಕಷ್ಟು ನಡೆಸಿ. ಖಾನೇಷುಮಾರಿಗೆ ಹೆಸರು ಬರೆಸಲು ನಜರೇತಿನಿಂದ ಬೆತ್ಲೆಹೇಮಿಗೆ ಅವರು ಹೋದದ್ದು ಹೆಚ್ಚುಕಡಿಮೆ ಮೈಸೂರಿನಿಂದ ಬೆಂಗಳೂರಿನಷ್ಟು ದೂರ, ಅದೂ ತುಂಬು ಬಸುರಿ. ಮಗುವಿಗೆ ಇದು ಕಿಟಕಿಯಿಂದ ಟಿವಿಗೆ ಸರಿಯುವಾಗ ಅರ್ಥವಾಗುತ್ತದೆ. ಜೋಯಿಸರು ಇನ್ನೂ ದೂರ, ಪುಸ್ತಕದ ಕಪಾಟಿನ ಮೇಲೆ. ಅವರು ತಲುಪುವುದು ಅವರ ಭೇಟಿಯನ್ನು ನೆನೆಯುವ ಹಬ್ಬಕ್ಕೆ, ಜನವರಿ 6ಕ್ಕೆ.

24ರ ರಾತ್ರಿ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ಮನೆಯ ಅತಿ ಕಿರಿಯರು ಕೂಸನ್ನು ತಂದು ಮಲಗಿಸಲಿ. ಬಟ್ಟೆಯಲ್ಲಿ ಸುತ್ತಿದಳು ಎಂದು ಲೂಕ ಬರೆಯುತ್ತಾನೆ. ಬಾಣಂತಿ ಕೋಣೆಯಲ್ಲಿ ಅಜ್ಜಿಯರು ಹಳೆಯ ಮೆತ್ತನೆ ಪಂಚೆ ಹರಿದು ಮಗುವನ್ನು ಸುತ್ತುವುದೂ ಅದನ್ನೇ. ಜರಿ ಬಟ್ಟೆ, ಸ್ಯಾಟಿನ್ ಬೇಡ. ಒಗೆದು ಒಗೆದು ತೆಳುವಾದ ಪಂಚೆಯ ಒಂದು ಗೇಣು ತುಂಡು ಸಾಕು.

ನೋಡಲು ಬಂದವರಿಗೆ

ಬೊಂಬೆ ನೋಡಲು ಮನೆಮನೆಗೆ ಹೋಗಿ ಬಂದ ಊರು ಮೈಸೂರು. ಗೋದಲಿ ನೋಡಲು ಬನ್ನಿ ಎಂದರೆ ಯಾರೂ ಅಪಾರ್ಥ ಮಾಡಿಕೊಳ್ಳುವುದಿಲ್ಲ. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, ಈಗಲೂ 25ರ ಸಂಜೆ ಅಲ್ಲಿಗೆ ಬರುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಆ ಗದ್ದಲದಲ್ಲಿ ಸಿಗದ ಸಾವಧಾನ ನಿಮ್ಮ ಮನೆಯಲ್ಲಿ ಸಿಗಲಿ. 26ರಿಂದ ಜನವರಿ 6ರ ನಡುವೆ ಒಂದು ಸಂಜೆ ಕರೆಯಿರಿ. 25ರಂದು ನಿಮಗೇ ಬಿಡುವಿರುವುದಿಲ್ಲ.

ಕೇಳಿದವರಿಗೆ, ಕೇಳಿದಷ್ಟು ಹೇಳಿ. ಕರಪತ್ರ ಕೊಡುವುದು, ಪ್ರಾರ್ಥನೆಗೆ ಕೂರಿಸುವುದು ಬೇಡ. ಅತಿಥಿಗೆ ಮುಜುಗರವಾದರೆ ಹೇಳಿದ್ದೆಲ್ಲ ಕೆಡುತ್ತದೆ. “ಇದೇನು, ಮಗು ಹುಲ್ಲಲ್ಲಿ ಮಲಗಿದೆ?” ಎಂಬುದೇ ಸಾಮಾನ್ಯವಾಗಿ ಮೊದಲ ಪ್ರಶ್ನೆ. ಉತ್ತರ ಮೂರು ಮಾತಿನಲ್ಲಿ ಮುಗಿಯಬೇಕು: “ದೇವರೇ ಮನುಷ್ಯನಾಗಿ ಹುಟ್ಟಿದ ಎಂದು ನಾವು ನಂಬುತ್ತೇವೆ. ಹುಟ್ಟಿದಾಗ ಮಲಗಲು ಸಿಕ್ಕಿದ್ದು ದನ ತಿನ್ನುವ ತೊಟ್ಟಿ. ಆ ಸುದ್ದಿ ಮೊದಲು ಹೋದದ್ದು ರಾತ್ರಿಯೆಲ್ಲ ಕುರಿ ಕಾಯುತ್ತಿದ್ದವರಿಗೆ.” ಇಷ್ಟು ಹೇಳಿ ಸುಮ್ಮನಾಗಿ. ಮುಂದಿನ ಪ್ರಶ್ನೆ ಬಂದರೆ ಬರುತ್ತದೆ.

ಬಂದೇ ಬರುವ ಒಂದು ಪ್ರಶ್ನೆ ಇದೆ: “ಹಾಗಾದರೆ ಕೃಷ್ಣನ ಹಾಗೆ ಅವತಾರವೇ?” ನಮ್ಮ ಚರ್ಚುಗಳ ಕನ್ನಡದಲ್ಲೇ ಮನುಷ್ಯಾವತಾರ ಎಂಬ ಮಾತಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ನೇರವಾಗಿ ಹೇಳಿ: ಕ್ರೈಸ್ತರು ನಂಬುವುದು ಇದು ಒಮ್ಮೆ ಮಾತ್ರ ಆಯಿತು ಎಂದು, ಹಸಿವು, ದಣಿವು, ಸಾವು ಎಲ್ಲವನ್ನೂ ನಿಜವಾಗಿ ಅನುಭವಿಸಿದ ಮನುಷ್ಯ ಆತ ಎಂದು, ಶತ್ರುವನ್ನು ಕೊಲ್ಲಲು ಬರದೆ ಶತ್ರುವಿಗಾಗಿಯೂ ಸಾಯಲು ಬಂದ ಎಂದು. ನಿಮ್ಮ ನಂಬಿಕೆ ಹೇಳಲು ಅವರದನ್ನು ಕೆಳಗೆ ಮಾಡುವ ಅಗತ್ಯ ಎಲ್ಲೂ ಬರುವುದಿಲ್ಲ.

ಮರಿಯಳಿಗೂ ಜೋಸೆಫರಿಗೂ ಛತ್ರದಲ್ಲಿ ಜಾಗ ಸಿಗಲಿಲ್ಲ ಎಂದು ಲೂಕ ಬರೆದದ್ದರ ಬಗ್ಗೆಯೂ ಕೇಳುತ್ತಾರೆ. ಮೂಲ ಗ್ರೀಕಿನ ಮಾತಿಗೆ ಅತಿಥಿಗಳ ಕೋಣೆ ಎಂಬ ಅರ್ಥವೂ ಇದೆ, ಲೂಕ ಕೊಟ್ಟಿಗೆಯ ಹೆಸರೆತ್ತುವುದಿಲ್ಲ, ಗೋದಲಿಯದ್ದು ಮಾತ್ರ. ದನವನ್ನು ಮನೆಯೊಳಗೇ ಒಂದು ಕಡೆ ಕಟ್ಟುತ್ತಿದ್ದ ಹಳೆಯ ಮನೆಗಳನ್ನು ಕಂಡವರಿಗೆ ಚಿತ್ರ ತಾನೇ ಮೂಡುತ್ತದೆ. ಜೋಯಿಸರು ಮೂವರೆಂದೂ ರಾಜರೆಂದೂ ಮತ್ತಾಯ ಹೇಳಿಲ್ಲ. ಕಾಣಿಕೆ ಮೂರು ಎಂದಷ್ಟೇ. ಆ ಮೂರನ್ನೂ ಚಿಕ್ಕ ಹಿತ್ತಾಳೆ ಬಟ್ಟಲುಗಳಲ್ಲಿಟ್ಟು ತೋರಿಸಿ. ಚಿನ್ನಕ್ಕೆ ಮನೆಯ ಒಂದು ಉಂಗುರ. ಧೂಪಕ್ಕೆ, ರಕ್ತಬೋಳಕ್ಕೆ ಗ್ರಂಥಿಗೆ ಅಂಗಡಿ. ಮಕ್ಕಳ ಕೈಗೆ ಕೊಟ್ಟು ಮೂಸಲು ಹೇಳಿ. ಬೋಳ ಕಂದುಗೆಂಪು ಅಂಟಿನ ಹರಳು. ಉಜ್ಜಿದರೆ ಬೆರಳಿಗೆ ಕಹಿ ಘಾಟು ಹತ್ತುತ್ತದೆ. ಯೋಹಾನನ ಸುವಾರ್ತೆಯಲ್ಲಿ ಯೇಸುವಿನ ಶವಕ್ಕೆ ನಿಕೊದೇಮನು ತಂದದ್ದೂ ಇದೇ ಎಂದು ಹೇಳಿದಾಗ, ತೊಟ್ಟಿಲಿನ ಪಕ್ಕ ಅದು ಯಾಕೆ ಬಂತೆಂದು ದೊಡ್ಡವರೂ ಒಂದು ಗಳಿಗೆ ಯೋಚಿಸುತ್ತಾರೆ.

ಬೊಂಬೆ ಬಾಗಿನದ ಹಾಗೆ ಮಕ್ಕಳ ಕೈಗೆ ತಿಂಡಿ. ರೋಸ್ ಕುಕ್ಕಿಗೂ ಪ್ಲಮ್ ಕೇಕಿಗೂ ಮೊಟ್ಟೆ ಬೀಳುತ್ತದೆ, ಕೇಕಿನಲ್ಲಿ ರಮ್ ಇರುವುದೂ ಉಂಟು. ತಿನ್ನದವರಿಗೆ ಕೊಡುವ ಮೊದಲೇ ಬಾಯಿಬಿಟ್ಟು ಹೇಳಿ. ಅವರಿಗೆಂದು ಮೊಟ್ಟೆ ಹಾಕದ ಕಲ್‌ಕಲ್ ಬೇರೆ ಎಣ್ಣೆಯಲ್ಲಿ ಮೊದಲು ಕರಿದಿಡಿ, ಇಲ್ಲವೆ ಹಣ್ಣಿನ ತಟ್ಟೆ ಕೊಡಿ. ಬಾಗಿಲ ತೋರಣಕ್ಕೆ ಸೇವಂತಿಗೆ, ಅದರದೇ ಕಾಲ. ಮೈಸೂರು ಮಲ್ಲಿಗೆಗೆ ಇದು ಕಾಲವಲ್ಲ.

ತೆಗೆಯುವಾಗ

ಜನವರಿ 6 ಕಳೆದ ಮೇಲೆ ತೆಗೆಯಿರಿ. ಮೂರ್ತಿಯನ್ನು ಕತ್ತು ಹಿಡಿದು ಎತ್ತಬೇಡಿ, ಪ್ಲಾಸ್ಟರ್ ಮುರಿಯುವುದು ಅಲ್ಲೇ. ಒಂದೊಂದನ್ನೂ ಪತ್ರಿಕೆಯಲ್ಲಿ ಸುತ್ತಿ, ಕೂಸನ್ನು ಬೇರೆ ಡಬ್ಬದಲ್ಲಿಡಿ, ಮುಂದಿನ ಡಿಸೆಂಬರಿನಲ್ಲಿ ಕಳೆಯುವುದು ಅದೊಂದೇ. ನಕ್ಷತ್ರದ ಕಾಗದ ಹರಿದು ಚೌಕಟ್ಟನ್ನು ಅಟ್ಟದ ಮೇಲೆ ನೇತುಹಾಕಿ, ಕೆಳಗಿಟ್ಟರೆ ಸೊಟ್ಟಗಾಗುತ್ತದೆ. ರಾಗಿ ಪೈರು, ಹುಲ್ಲು ಹತ್ತಿರದ ಹಸುವಿಗೆ ಹೋಗಲಿ. ಮೈಲುತುತ್ತದ ಅಂಟು ತಾಗಿದ ಹುಲ್ಲನ್ನು ಮಾತ್ರ ಮೊದಲೇ ತೆಗೆದುಬಿಡಿ. ಉಳಿದದ್ದನ್ನು ಹಸುವಿನ ಗೋದಲಿಗೆ ಹಾಕುವ ಮುಂಚೆ ಹಿಡಿ ಹಿಡಿಯಾಗಿ ಬಿಡಿಸಿ ಕೈಯಾಡಿಸಿ ನೋಡಿ: ಕಟ್ಟಿದ ತಂತಿ, ಗುಂಡುಸೂಜಿ, ದಾರದ ತುಂಡು ಒಂದೂ ಉಳಿದಿರಬಾರದು. ಹುಲ್ಲಿನ ಜೊತೆ ನುಂಗಿದ ತಂತಿ ಹಸುವಿನ ಹೊಟ್ಟೆಯನ್ನು ಚುಚ್ಚಿ ಜೀವಕ್ಕೇ ತರುತ್ತದೆ.